ಸ್ಕ್ರೂಟೇಪ್ ಪತ್ರಗಳಿಗೆ ರಂಗಕ್ಕಿಂತ ಮೊದಲು ಧ್ವನಿ

ಸಿ. ಎಸ್. ಲೂಯಿಸ್ ಅವರ ‘ದಿ ಸ್ಕ್ರೂಟೇಪ್ ಲೆಟರ್ಸ್’ ಕಾದಂಬರಿಯನ್ನು ಕನ್ನಡಕ್ಕೆ ತಂದು ತಮ್ಮ ಚರ್ಚಿನ ಯುವಕರಿಂದ ಆಡಿಸಬೇಕೆಂದಿದ್ದೀರಿ. ನಾಟಕ, ಧ್ವನಿಮುದ್ರಣ, ಕಿರುಚಿತ್ರ ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ನಾನು ಈ ಪುಸ್ತಕವನ್ನು ಅನೇಕ ವರ್ಷಗಳಿಂದ ಓದುತ್ತ ಬಂದಿದ್ದೇನೆ, ಕೆಲವು ಪತ್ರಗಳನ್ನು ಕನ್ನಡಿಸಿ ಗೆಳೆಯರ ಮುಂದೆ ಗಟ್ಟಿಯಾಗಿ ಓದಿಯೂ ನೋಡಿದ್ದೇನೆ. ಧ್ವನಿಯಿಂದ ಆರಂಭಿಸಿ, ಅದು ಹದಕ್ಕೆ ಬಂದ ಮೇಲೆ ರಂಗಕ್ಕೆ ಹೋಗಿ, ಕ್ಯಾಮೆರಾವನ್ನು ಸದ್ಯಕ್ಕೆ ಬದಿಗಿಡಿ ಎಂಬುದು ನನ್ನ ಸಲಹೆ.

ಇದಕ್ಕೆ ಕಾರಣ ಪುಸ್ತಕದ ಕಟ್ಟಿನಲ್ಲೇ ಇದೆ. ನರಕದ ಹಿರಿಯ ಅಧಿಕಾರಿಯಾದ ಸ್ಕ್ರೂಟೇಪ್, ಒಬ್ಬ ಮನುಷ್ಯನನ್ನು ಕೆಡಿಸಲು ಭೂಮಿಗೆ ಬಂದಿರುವ ಕಿರಿಯ ದೆವ್ವ, ತನ್ನ ಸೋದರಳಿಯ ವರ್ಮ್‌ವುಡ್‌ಗೆ ಬರೆದ 31 ಪತ್ರಗಳಷ್ಟೇ ಅಲ್ಲಿರುವುದು. ವರ್ಮ್‌ವುಡ್‌ನ ಉತ್ತರಗಳಿಲ್ಲ, ಆ ಮನುಷ್ಯನ ಹೆಸರೂ ಇಲ್ಲ. ಅವನ ತಾಯಿ, ಅವನ ಪ್ರಾರ್ಥನೆ, ಅವನ ಪ್ರೇಮ ಎಲ್ಲವೂ ನಮಗೆ ಕಾಣುವುದು ಸ್ಕ್ರೂಟೇಪನ ಕಣ್ಣಿನಿಂದಲೇ, ಆ ಕಣ್ಣು ವಕ್ರವಾದದ್ದು. ಅವನು ಅಪಾಯವೆಂದದ್ದನ್ನು ನಾವು ಒಳಿತೆಂದು, ಅವನು ಯಶಸ್ಸೆಂದದ್ದನ್ನು ಪತನವೆಂದು ತಿರುಗಿಸಿಕೊಳ್ಳಬೇಕು. ಓದುಗ ತನ್ನೊಳಗೆ ಮಾಡುವ ಈ ತಿರುವುಮುರುವಿನ ಕೆಲಸವೇ ಈ ವಿಡಂಬನೆಯ ಜೀವ. 1941ರಲ್ಲಿ ‘ದಿ ಗಾರ್ಡಿಯನ್’ ಎಂಬ ಆಂಗ್ಲಿಕನ್ ವಾರಪತ್ರಿಕೆಯಲ್ಲಿ ಇವು ಬರುತ್ತಿದ್ದಾಗ, ಹಳ್ಳಿಯ ಪಾದ್ರಿಯೊಬ್ಬರು ಇದರ ಸಲಹೆಗಳೆಲ್ಲ ಪೈಶಾಚಿಕವಾಗಿವೆಯೆಂದು ಚಂದಾ ನಿಲ್ಲಿಸಿದರೆಂದು ಲೂಯಿಸ್ ಅವರೇ ಮುನ್ನುಡಿಯಲ್ಲಿ ಬರೆದಿದ್ದಾರೆ. ತಮ್ಮ ಶ್ರೋತೃಗಳಲ್ಲಿಯೂ ಅಂಥವರು ಇರಬಹುದಾದ್ದರಿಂದ, ಆರಂಭದಲ್ಲಿ ಮಾತನಾಡುತ್ತಿರುವವನು ಯಾರು, ಅವನ ಉದ್ಯೋಗವೇನು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಸ್ಪಷ್ಟಪಡಿಸಿ.

ಧ್ವನಿಮಾಧ್ಯಮ ಕೇಳುಗನಿಗೆ ಈ ಕೆಲಸವನ್ನು ಹಾಗೆಯೇ ಉಳಿಸಿಕೊಡುತ್ತದೆ. ಜಾನ್ ಕ್ಲೀಸ್ ಒಬ್ಬರೇ ಓದಿದ ಇಂಗ್ಲಿಷ್ ಧ್ವನಿಮುದ್ರಣ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. 2009ರಲ್ಲಿ ಫೋಕಸ್ ಆನ್ ದ ಫ್ಯಾಮಿಲಿ ಸಂಸ್ಥೆ ಆಂಡಿ ಸರ್ಕಿಸ್ ಅವರನ್ನು ಸ್ಕ್ರೂಟೇಪ್ ಆಗಿಸಿ, ಬೇರೆ ಪಾತ್ರಗಳಿಗೂ ದನಿ ಕೊಟ್ಟು ಪೂರ್ಣ ಬಾನುಲಿ ನಾಟಕವನ್ನೇ ಮಾಡಿತು. ಎರಡನೆಯದರಲ್ಲಿ ಕಥೆಯ ಹಿಡಿತ ಹೆಚ್ಚು. ಆದರೂ ನನ್ನ ಒಲವು ಒಂಟಿ ದನಿಯ ಕಡೆಗೇ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿ ಕೇವಲ ಮಾತಿನಿಂದ ಕೌರವನ ಪಕ್ಷವನ್ನು ಹೇಗೆ ನ್ಯಾಯವೆನಿಸುವಂತೆ ಕಟ್ಟುತ್ತಾನೆಂಬುದನ್ನು ಕೇಳಿದವರಿಗೆ ಈ ಒಲವು ಅರ್ಥವಾದೀತು. ತಮ್ಮ ಸ್ಕ್ರೂಟೇಪ್ ಗಹಗಹಿಸಿ ನಗಬಾರದು. ಅನುಭವಿ ಅಧಿಕಾರಿಯೊಬ್ಬ ಕಿರಿಯನಿಗೆ ಕೆಲಸ ಕಲಿಸುವ ಸಮಾಧಾನದಲ್ಲಿಯೇ ಮಾತನಾಡಬೇಕು.

ರಂಗಕ್ಕೆ ಬರುವುದಾದರೆ, ಮ್ಯಾಕ್ಸ್ ಮೆಕ್ಲೀನ್ ಮತ್ತು ಜೆಫ್ರಿ ಫಿಸ್ಕೆ ಸಿದ್ಧಪಡಿಸಿ 2006ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ ಪ್ರಯೋಗದಿಂದ ಕಲಿಯಬಹುದು. ಅದರಲ್ಲಿ ಮಾತೆಲ್ಲ ಸ್ಕ್ರೂಟೇಪನದು. ಪುಸ್ತಕದಲ್ಲಿ ಹೆಸರಿಗಷ್ಟೇ ಬರುವ ಕಾರ್ಯದರ್ಶಿ ಟೋಡ್‌ಪೈಪ್ ಅಲ್ಲಿ ಜಂತುವಿನಂಥ ಜೀವಿಯಾಗಿ, ಸ್ಕ್ರೂಟೇಪ್ ವರ್ಣಿಸುವ ಮನುಷ್ಯರನ್ನು ಮೈಯಿಂದಲೇ ಅಭಿನಯಿಸುತ್ತಾಳೆ. ಹೀಗೆ ಕಣ್ಣಿಗೆ ನೋಟವೂ ದೊರೆಯಿತು, ಆ ನೋಟ ಸ್ಕ್ರೂಟೇಪನ ಅಂಕೆಯಲ್ಲಿಯೂ ಉಳಿಯಿತು. ಲೂಯಿಸ್ ಅವರೇ ಒದಗಿಸಿರುವ ರಂಗಕ್ಷಣ 22ನೆಯ ಪತ್ರದಲ್ಲಿದೆ: ಆ ಮನುಷ್ಯ ಒಳ್ಳೆಯ ಹುಡುಗಿಯೊಬ್ಬಳನ್ನು ಪ್ರೀತಿಸಿದನೆಂದು ತಿಳಿದು ಕೋಪ ತಡೆಯಲಾರದೆ ಸ್ಕ್ರೂಟೇಪ್ ದೊಡ್ಡ ಜರಿಹುಳುವಾಗಿಬಿಡುತ್ತಾನೆ, ಉಳಿದ ಭಾಗವನ್ನು ಟೋಡ್‌ಪೈಪ್‌ಗೆ ಹೇಳಿ ಬರೆಸುತ್ತಾನೆ. ಇದಕ್ಕೆ ದೊಡ್ಡ ವೇಷಭೂಷಣ ಬೇಡ. ಬೆಳಕು, ಮೇಜಿನ ಮರೆ, ಬದಲಾದ ಕಂಠ ಸಾಕು.

ಸಿನಿಮಾದ ತೊಡಕು ಬೇರೆ ಬಗೆಯದು. 2007ರಲ್ಲಿ ವಾಲ್ಡನ್ ಮೀಡಿಯಾ ಸಂಸ್ಥೆಯ ಚಿತ್ರವೊಂದು ಘೋಷಣೆಯಾಗಿದ್ದರೂ ಆಗ ತೆರೆಗೆ ಬರಲಿಲ್ಲ. ಕ್ಯಾಮೆರಾ ಆ ಮನುಷ್ಯನ ಮನೆಯನ್ನು ತೋರಿಸಿದೊಡನೆ ಅದು ನಿಜದ ಮನೆಯಾಗುತ್ತದೆ. ಸ್ಕ್ರೂಟೇಪನ ಮಾತು ಚಿತ್ರದ ಮೇಲಿನ ಟಿಪ್ಪಣಿಯಾಗಿ ಕುಗ್ಗುತ್ತದೆ.

ಕನ್ನಡದ ವಿಷಯದಲ್ಲಿ ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಸಂಬಂಧವಾಚಕಗಳ ಬಗ್ಗೆ. ಇಂಗ್ಲಿಷಿನ ‘ಅಂಕಲ್’ ನಮ್ಮಲ್ಲಿ ಚಿಕ್ಕಪ್ಪನೋ ಸೋದರಮಾವನೋ ಎಂದು ನಿರ್ಧರಿಸಲೇಬೇಕು. ‘ಮಾವ’ ಎಂದೊಡನೆ ಕೇಳುಗರಿಗೆ ಶಕುನಿ ನೆನಪಾಗುತ್ತಾನೆ, ಅದರಿಂದ ಲಾಭವೇ ಹೆಚ್ಚೆಂದು ನನಗೆ ತೋರಿತು. ಸೈತಾನನನ್ನು ಕುರಿತ ‘ಅವರ್ ಫಾದರ್ ಬಿಲೋ’ ಎಂಬ ಮಾತನ್ನು ‘ಪಾತಾಳದಲ್ಲಿರುವ ನಮ್ಮ ತಂದೆ’ ಎಂದು ಮಾಡಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ದಿನವೂ ಪ್ರಾರ್ಥಿಸುವವರಿಗೆ ಅದು ಥಟ್ಟನೆ ತಾಗುತ್ತದೆ. ದೇವರನ್ನು ಸ್ಕ್ರೂಟೇಪ್ ‘ಶತ್ರು’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ನೀಡುವ ಸೂಚನೆ ನಮ್ಮ ಲಿಪಿಯಲ್ಲಿಲ್ಲ, ಕಿವಿಗಂತೂ ಕೇಳಿಸುವುದಿಲ್ಲ. ಆದ್ದರಿಂದ ಮನುಷ್ಯರ ಹಗೆತನಕ್ಕೆ ಸಂಬಂಧಿಸಿದ ಕಡೆ ‘ವೈರಿ’ ಎಂಬ ಪದವನ್ನಿಟ್ಟು, ‘ಶತ್ರು’ವನ್ನು ದೇವರೊಬ್ಬನಿಗೇ ಮೀಸಲಿಡಿ.

ಹಕ್ಕುಗಳ ಬಗ್ಗೆ ಒಂದು ಮಾತು. ಲೂಯಿಸ್ 1963ರ ನವೆಂಬರ್ 22ರಂದು ನಿಧನರಾದರು. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಸ್ವಾಮ್ಯವಿರುವುದರಿಂದ ಅದು 2023ರ ಕೊನೆಗೆ ಮುಗಿಯಿತು. ಬ್ರಿಟನ್ನಿನಲ್ಲಿ ಈ ಅವಧಿ 70 ವರ್ಷ. ಇಲ್ಲಿ ವೇದಿಕೆಯ ಮೇಲೆ ಆಡುವುದಕ್ಕೂ ಧ್ವನಿಮುದ್ರಣವನ್ನು ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ತೆರೆದಿಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಮೊದಲು ವಕೀಲರನ್ನು ಕೇಳಿ. ಮೇಲೆ ಹೇಳಿದ ರೂಪಾಂತರಗಳ ಹಕ್ಕು ಬೇರೆಯೇ ಆಗಿರುವುದರಿಂದ ಮೂಲ ಪುಸ್ತಕದಿಂದಲೇ ಕೆಲಸಮಾಡಿ.

ಮೊದಲ ತಾಲೀಮಿಗೆ 31ನೆಯ ಪತ್ರವನ್ನು ಎತ್ತಿಕೊಳ್ಳಿ. ಆ ಮನುಷ್ಯ ಬಾಂಬ್ ದಾಳಿಯಲ್ಲಿ ಸತ್ತು ದೇವರ ಸನ್ನಿಧಿ ಸೇರಿದ್ದಾನೆ. ಸೋತ ವರ್ಮ್‌ವುಡ್ ಈಗ ನರಕದ ಆಹಾರ. ಬಹುತೇಕ ಪತ್ರಗಳ ಕೊನೆಗೆ ‘ಪ್ರೀತಿಯ ಮಾವ’ ಎಂದು ಸಹಿ ಹಾಕುತ್ತಿದ್ದವನು ಇಲ್ಲಿಯೂ ಅದೇ ಪ್ರೀತಿಯ ಹೆಸರಿನಲ್ಲಿ ಸಹಿ ಹಾಕುತ್ತಾನೆ, ಆದರೆ ಆ ಪ್ರೀತಿ ಹಸಿವೆಂದು ಈಗ ಬಾಯಿಬಿಟ್ಟು ಹೇಳುತ್ತಾನೆ. ಈ ಸಾಲನ್ನು ದನಿ ಏರಿಸದೆ ಹೇಳಬಲ್ಲ ಯುವಕನಿಗೆ ಪಾತ್ರವನ್ನು ಕೊಡಿ.