ಥರ್ಲ್ಸ್‌ಗೆ ಬಂದ ತಮ್ಮನಿಗೆ: ಕೌಂಟಿ ತಂಡದ ಹಳಬರು, ಹೊಸಬರು

ತಮ್ಮಾ,

ನೀನು ಕೇಳಿದ್ದು ನಾಲ್ಕು ವಿಷಯ: ಬಾಡಿಗೆ ಮನೆ, ರಾಗಿಹಿಟ್ಟು, ಕಾರಿನ ಲೈಸೆನ್ಸ್, ಮತ್ತು ಐರ್ಲೆಂಡಿನ ಕೋಲು-ಚೆಂಡಿನ ಆಟ ಹರ್ಲಿಂಗ್. ಮೊದಲ ಮೂರನ್ನು ಬೇಗ ಮುಗಿಸುತ್ತೇನೆ. ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕಳಿಸಬೇಡ. ರಾಗಿಹಿಟ್ಟಿಗೆ ಲಿಮರಿಕ್‌ನ ಇಂಡಿಯನ್ ಅಂಗಡಿಗಳಲ್ಲಿ ವಿಚಾರಿಸು. ನಮ್ಮ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ. ಥಿಯರಿ ಪರೀಕ್ಷೆ, ಲರ್ನರ್ ಪರ್ಮಿಟ್, ಕಡ್ಡಾಯ ಪಾಠಗಳು, ರಸ್ತೆ ಪರೀಕ್ಷೆ, ಎಲ್ಲವನ್ನೂ ಹೊಸದಾಗಿ ದಾಟಬೇಕು. ಹಾಗಾಗಿ ಇವತ್ತೇ ಶುರು ಮಾಡು.

ಇನ್ನು ನಾಲ್ಕನೆಯದು. ಕೊಡಗಿನಲ್ಲಿ ಹಾಕಿ ಆಡಿ ಬೆಳೆದವನು ಎಂದು ನಿನಗೆ ಇಲ್ಲಿನ ಕ್ಲಬ್ಬು ಪಂದ್ಯದ ಅಂಕಿ ಬರೆಯುವ ಕೆಲಸ ಕೊಟ್ಟಿದೆ, ಈಗ ಕೌಂಟಿಯವರೂ, ಅಂದರೆ ಜಿಲ್ಲಾ ತಂಡದವರೂ ಕರೆದಿದ್ದಾರೆ. ಮೂವತ್ತು ದಾಟಿದವರನ್ನು ಉಳಿಸಿಕೊಂಡು ಇಪ್ಪತ್ತರ ಹುಡುಗರನ್ನು ಕಾಯಿಸುವುದೇಕೆ, ಇಲ್ಲೂ ನಮ್ಮಂತೆ ಹಿರಿತನಕ್ಕೆ ಮರ್ಯಾದೆಯೇ ಎಂದು ಕೇಳಿದ್ದೀಯ. ನಾನು ಬಂದ ಹೊಸತರಲ್ಲಿ, ಸೆಂಪಲ್ ಸ್ಟೇಡಿಯಂ ದಾರಿಯುದ್ದಕ್ಕೂ ನಮ್ಮ ಟಿಪ್ಪರೇರಿ ಕೌಂಟಿಯ ನೀಲಿ-ಹಳದಿ ಬಾವುಟ ಕಂಡಾಗ, ಈ ಆಟಗಾರರಿಗೆ ಲಕ್ಷಗಟ್ಟಲೆ ಸಂಬಳವಿರಬೇಕು ಎಂದುಕೊಂಡಿದ್ದೆ. ಒಂದು ಯೂರೋ ಸಂಬಳವೂ ಇಲ್ಲ. ಮೇಷ್ಟರು, ರೈತರು, ಕಾಲೇಜು ಹುಡುಗರು ಕೆಲಸ ಮುಗಿಸಿ ಸಂಜೆ ಮೈದಾನಕ್ಕೆ ಬರುತ್ತಾರೆ. ನಿನ್ನ ಪ್ರಶ್ನೆಗೆ ಉತ್ತರ ಹುಟ್ಟುವುದೇ ಇಲ್ಲಿಂದ. ಸೆಂಟರ್‌ಬ್ಯಾಕ್ ಸರಿಯಿಲ್ಲವೆಂದು ಪಕ್ಕದ ಕೌಂಟಿಯಿಂದ ಒಬ್ಬನನ್ನು ದುಡ್ಡು ಕೊಟ್ಟು ತರಲಾಗದು. ತನ್ನ ಕ್ಲಬ್ಬುಗಳಲ್ಲಿ ಬೆಳೆದವರಿಂದಲೇ ಕೌಂಟಿ ತಂಡ ಕಟ್ಟಬೇಕು. ಹಳಬನೊಬ್ಬ ಆಟ ನಿಲ್ಲಿಸಿದಾಗ ಆ ಜಾಗಕ್ಕೆ ಹುಡುಗನನ್ನು ಮೊದಲೇ ಬೆಳೆಸಿಟ್ಟಿರದಿದ್ದರೆ ಜಾಗ ಖಾಲಿಯೇ.

ಮೊದಲು ಲೆಕ್ಕ ತಿಳಿದುಕೋ. ಮೈದಾನದಲ್ಲಿ 15 ಜನ, ಪಂದ್ಯದ ದಿನದ ಪಟ್ಟಿಯಲ್ಲಿ 26, ಬದಲಿ 5. ಸೀನಿಯರ್ ಕೌಂಟಿ ಪಂದ್ಯ 70 ನಿಮಿಷ. ಗೋಲು ಹೊಡೆದರೆ 3 ಅಂಕ, ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ 1. 1-13 ಎಂದು ಬರೆದರೆ ಒಂದು ಗೋಲು, ಹದಿಮೂರು ಒಂಟಿ ಅಂಕ ಎಂದರ್ಥ. ಚಳಿಗಾಲದಿಂದ ತರಬೇತಿ ಮಾಡುವ ಪ್ಯಾನೆಲ್ ಮಾತ್ರ 26ಕ್ಕಿಂತ ದೊಡ್ಡದು, ಹತ್ತು ಜನ ಹೆಚ್ಚೇ ಇರುತ್ತಾರೆ. ಈ ಹತ್ತು ಜನರ ಮಾತಿಗೆ ಆಮೇಲೆ ಬರುತ್ತೇನೆ.

ವಯಸ್ಸಿನ ಸರಾಸರಿ ತೆಗೆದು ತಂಡ ಹದವಾಗಿದೆ ಎನ್ನುವವರ ಮಾತು ನಂಬಬೇಡ. ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ನೋಡು. ಗೋಲಿ (ಗೋಲ್ ಕಾಯುವವನು), 3ನೇ ನಂಬರಿನ ಫುಲ್‌ಬ್ಯಾಕ್, 6ನೇ ನಂಬರಿನ ಸೆಂಟರ್‌ಬ್ಯಾಕ್, ನಡುಮೈದಾನದ 8-9, ಮುಂದೆ 11 ಮತ್ತು 14, ಇದು ತಂಡದ ಬೆನ್ನೆಲುಬು. ಇಲ್ಲಿ ತಪ್ಪಾದರೆ ನೇರವಾಗಿ ಗೋಲು. 10 ಅಥವಾ 12ನೇ ನಂಬರಿನ ಹುಡುಗ ಚೆಂಡು ಕಳೆದುಕೊಂಡರೆ ಅದು ನಮ್ಮ ಗೋಲು ಮುಟ್ಟುವ ಮೊದಲು ಹಿಂದಿನ ಸಾಲುಗಳನ್ನು ದಾಟಬೇಕು, ಸರಿಪಡಿಸಲು ಸಮಯವಿರುತ್ತದೆ. ಅದಕ್ಕೇ ಹೊಸಬರನ್ನು ಮೊದಲು ಅಂಚಿನ ಜಾಗಗಳಲ್ಲಿ ಇಳಿಸುವುದು. ಊರಲ್ಲಿ ಎಳೆ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡುತ್ತಾರಲ್ಲ, ಹಾಗೆ ಒಂದು ಸಾಲಿನಲ್ಲಿ ಒಬ್ಬನೇ ಹೊಸಬ ಇರಲಿ. ಒಂದೇ ಬದಿಯಲ್ಲಿ 5 ಮತ್ತು 2 ಇಬ್ಬರೂ ಹೊಸಬರಾದರೆ ಎದುರಾಳಿ ಗೋಲಿ ಹತ್ತೇ ನಿಮಿಷದಲ್ಲಿ ಪತ್ತೆ ಹಚ್ಚುತ್ತಾನೆ. ಆಮೇಲೆ ಅವನ ಪಕ್‌ಔಟ್‌ಗಳೆಲ್ಲ, ಅಂದರೆ ಗೋಲಿನಿಂದ ಹೊಡೆದು ಆಟ ಮತ್ತೆ ಶುರುಮಾಡುವ ಹೊಡೆತಗಳೆಲ್ಲ, ಆ ಮೂಲೆಗೇ.

ಹಳಬರು ಬೆನ್ನೆಲುಬಿನಲ್ಲೇ ಸವೆಯಬೇಕೆಂದೇನೂ ಇಲ್ಲ. ಜಾಗ ಬದಲಿಸಿಯೂ ಅವರನ್ನು ಉಳಿಸಿಕೊಳ್ಳಬಹುದು. ಕ್ಲೇರ್‌ನ ಜಾನ್ ಕಾನ್ಲನ್ ಬಹುಕಾಲ ಫಾರ್ವರ್ಡ್ ಆಗಿದ್ದವರು. ಮ್ಯಾನೇಜರ್ ಬ್ರಯನ್ ಲೋಹನ್ ಅವರನ್ನು ಸೆಂಟರ್‌ಬ್ಯಾಕ್ ಮಾಡಿದರು, 2024ರಲ್ಲಿ ಕ್ಲೇರ್ ಇಡೀ ದೇಶದ ಪ್ರಶಸ್ತಿಯಾದ ಆಲ್-ಐರ್ಲೆಂಡ್ ಗೆದ್ದಿತು. ಓಟದ ವೇಗ ಇಳಿದರೂ ಚೆಂಡು ಎಲ್ಲಿ ಬೀಳುತ್ತದೆಂದು ಓದುವ ಕಣ್ಣು ಇಳಿದಿರಲಿಲ್ಲ. ಬೆಂಚ್ ಇನ್ನೊಂದು ದಾರಿ. ಕಿಲ್ಕೆನಿಯ ಹೆನ್ರಿ ಶೆಫ್ಲಿನ್ ತಮ್ಮ ಹತ್ತನೇ ಆಲ್-ಐರ್ಲೆಂಡ್ ಪದಕವನ್ನು 2014ರಲ್ಲಿ ಬದಲಿ ಆಟಗಾರನಾಗಿ ಗೆದ್ದರು. ನಮ್ಮ ಟಿಪ್ಪರೇರಿಯ ನೋಯಲ್ ಮೆಗ್ರಾ 2010, 2016, 2019ರ ಮೇಲೆ 2025ರಲ್ಲೂ ಗೆದ್ದವರು, ಕೊನೆಯ ಫೈನಲ್‌ನಲ್ಲಿ ಅವರೂ ಬದಲಿಯಾಗಿಯೇ ಇಳಿದರು. ಕೊನೆಯ ಹದಿನೈದು ನಿಮಿಷಕ್ಕೆ ಬೇಕಾದ ಗುಣವೇ ಬೇರೆ. ಚೆಂಡನ್ನು ಕೈಯಲ್ಲಿ ಹಿಡಿದು ಒಂದು ಫ್ರೀ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಗಿಟ್ಟಿಸುವವನು, ಗೋಲಿಗೆ ಕೈ ಎತ್ತಿ ಪಕ್‌ಔಟ್ ಕೇಳುವವನು ಆಗ ಬೇಕು. ಐದು ಬದಲಿಯಲ್ಲಿ ಎರಡನ್ನು ಇಂಥವರಿಗೆ, ಎರಡನ್ನು ಓಡುವ ಕಾಲುಗಳಿಗೆ ಇಟ್ಟು, ಒಂದನ್ನು ಗಾಯಕ್ಕೆಂದು ಕೊನೆಯವರೆಗೂ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವ ಲೆಕ್ಕ.

ಹುಡುಗರನ್ನು ಪರೀಕ್ಷಿಸುವ ಕಾಲ ಲೀಗ್, ಅಂದರೆ ಚಳಿಗಾಲದ ಕೊನೆಯ ಪಂದ್ಯಗಳು. ಏಪ್ರಿಲ್‌ನಲ್ಲಿ ನಮ್ಮ ಮನ್ಸ್ಟರ್ ಪ್ರಾಂತ್ಯದ ಚಾಂಪಿಯನ್‌ಶಿಪ್ ಶುರುವಾದ ಮೇಲೆ ಐದು ಕೌಂಟಿಗಳಿಗೆ ತಲಾ ನಾಲ್ಕೇ ಪಂದ್ಯ, ಮೂರು ಕೌಂಟಿ ಮಾತ್ರ ಮುಂದಕ್ಕೆ, ಪ್ರಯೋಗಕ್ಕೆ ಜಾಗವೇ ಇಲ್ಲ. ಲೀಗ್‌ನಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಇಳಿಸಿ ಹುಡುಗನನ್ನು ಅಳೆಯಲಾಗದು. ಒಂದೇ ಜಾಗದಲ್ಲಿ ಸತತ ಎರಡು ಪಂದ್ಯ ಶುರುವಿನಿಂದ ಆಡಿಸಬೇಕು. ಮೊದಲನೆಯದರಲ್ಲಿ ನಡುಕ ಕಾಣುತ್ತದೆ, ಎರಡನೆಯದರಲ್ಲಿ ಆಟ. ನಿನ್ನ ಹಾಳೆಯಲ್ಲಿ ಅಂಕ ಮಾತ್ರ ಬರೆಯಬೇಡ. ಹುಕ್ (ಹಿಂದಿನಿಂದ ಕೋಲು ಚಾಚಿ ಹೊಡೆತ ತಡೆಯುವುದು), ಬ್ಲಾಕ್ (ಎದುರಿನಿಂದ ತಡೆಯುವುದು), ಎದುರಾಳಿಯಿಂದ ಕಿತ್ತುಕೊಂಡ ಚೆಂಡು, ಗೆದ್ದ ಪಕ್‌ಔಟ್, ಇವನ್ನು ಹತ್ತು ನಿಮಿಷಕ್ಕೊಂದು ಕಾಲಂ ಮಾಡಿ ಗುರುತಿಸು. ಇನ್ನೊಂದು ಕಾಲಂ ತಪ್ಪದೆ ಇರಲಿ: ತಪ್ಪು ಮಾಡಿದ ಮೇಲೆ ಬಂದ ಮುಂದಿನ ಚೆಂಡಿಗೆ ಏನು ಮಾಡಿದ? ತಪ್ಪಿದವನು ಬಚ್ಚಿಟ್ಟುಕೊಂಡರೆ ಮೇ ತಿಂಗಳಿಗೆ ಸಿದ್ಧನಿಲ್ಲ ಎಂದೇ ಅರ್ಥ.

ಮ್ಯಾನೇಜರ್‌ನ ತಾಳ್ಮೆಗೂ ಪರೀಕ್ಷೆಯಿದೆ. ಟಿಪ್ಪರೇರಿ 2024ರಲ್ಲಿ ಮನ್ಸ್ಟರ್‌ನಲ್ಲಿ ಒಂದೂ ಪಂದ್ಯ ಗೆಲ್ಲದೆ ಕೊನೆಯ ಸ್ಥಾನಕ್ಕೆ ಬಿತ್ತು. ಮ್ಯಾನೇಜರ್ ಲಿಯಮ್ ಕಾಹಿಲ್ ಮರುವರ್ಷ ಹತ್ತೊಂಬತ್ತರ ಡಾರಾ ಮೆಕಾರ್ಥಿಯನ್ನು ಇಳಿಸಿ ಫ್ರೀ ಹೊಡೆಯುವ ಹೊಣೆ ಕೊಟ್ಟರು. ಏಪ್ರಿಲ್‌ನಲ್ಲಿ ಕಾರ್ಕ್ ವಿರುದ್ಧ ಆಟ ಶುರುಮಾಡಲು ರೆಫರಿ ಚೆಂಡು ಎಸೆಯುವ ಮೊದಲೇ ಹುಡುಗನಿಗೆ ಕೆಂಪು ಕಾರ್ಡು. ಸೆಮಿಫೈನಲ್‌ನಲ್ಲಿ ಎರಡು ಹಳದಿಯಾಗಿ ಮತ್ತೆ ಹೊರಗೆ. ಹಾಗಿದ್ದೂ ಜುಲೈ 20ರ ಫೈನಲ್‌ನಲ್ಲಿ ಅವನನ್ನೇ ಆಡಿಸಿದರು. ಅವನು ಗಳಿಸಿದ್ದು 1-13. ಅರ್ಧಕ್ಕೆ ಆರು ಅಂಕ ಹಿಂದಿದ್ದ ಟಿಪ್ಪರೇರಿ ಕಾರ್ಕ್ ವಿರುದ್ಧ 3-27, 1-18ರಿಂದ ಗೆದ್ದಿತು. ಕ್ಯಾಪ್ಟನ್ ರೋನನ್ ಮಾಹರ್‌ನಂಥ, ಎರಡು ಗೋಲು ಹೊಡೆದ ಜಾನ್ ಮೆಗ್ರಾನಂಥ ಹಳಬರು ಸುತ್ತ ಇದ್ದದ್ದರಿಂದಲೇ ಆ ನಂಬಿಕೆ ಇಡಲು ಸಾಧ್ಯವಾಯಿತು. ಆ ದಿನ ಈ ಕೌಂಟಿಯ ನಿವಾಸಿಯಾಗಿ ನನಗಾದ ಹೆಮ್ಮೆ ಇನ್ನೂ ಇಳಿದಿಲ್ಲ.

ಎಚ್ಚರಿಕೆಗೆ 2013ರ ಕ್ಲೇರ್ ನೋಡು. ಮರುಪಂದ್ಯದ ಫೈನಲ್‌ನಲ್ಲಿ ಹತ್ತೊಂಬತ್ತರ ಶೇನ್ ಓ'ಡಾನೆಲ್ 3-3 ಹೊಡೆದ. 2012ರಿಂದ 2014ರವರೆಗೆ ಸತತ ಮೂರು ವರ್ಷ ಅವರಿಗೇ 21ರ ಒಳಗಿನವರ ಪ್ರಶಸ್ತಿ. ಇನ್ನು ಹತ್ತು ವರ್ಷ ಇವರದೇ ಎಂದರು. ಮುಂದಿನ ಆಲ್-ಐರ್ಲೆಂಡ್ ಬಂದದ್ದು 2024ಕ್ಕೆ. ಎಳೆಯರ ಒಂದು ಗುಂಪು ಒಟ್ಟಿಗೆ ಮೇಲೆ ಬಂದಾಗ, ಅವರ ಹಿಂದೆ ಬರುವವರಿಗೆ ಜಾಗ ಬಿಡದಿದ್ದರೆ ಇಡೀ ಗುಂಪು ಒಟ್ಟಿಗೇ ಹಳತಾಗುತ್ತದೆ.

ಈಗ ಆ ಹತ್ತು ಜನ. ಇವರ ನೆನಪು ನನ್ನನ್ನು ಇಂದಿಗೂ ಕಾಡುತ್ತದೆ. 2018ರಿಂದ ಮೈನರ್ (ಕಿರಿಯರ ತಂಡ) ವಯಸ್ಸು 18ರ ಬದಲು 17ರ ಒಳಗೆ ಎಂದಾಯಿತು, ಮರುವರ್ಷ 21ರ ಒಳಗಿನದು 20ಕ್ಕೆ ಇಳಿಯಿತು. ಹುಡುಗ ಇಪ್ಪತ್ತಕ್ಕೆ ವಯೋಮಿತಿ ದಾಟುತ್ತಾನೆ, ಸೀನಿಯರ್‌ಗೆ ಬೇಕಾದ ಮೈಕಟ್ಟು ಬರುವುದು ಇಪ್ಪತ್ತಮೂರಕ್ಕೆ. ನಡುವಿನ ವರ್ಷಗಳಲ್ಲಿ ಅವನು ಪ್ಯಾನೆಲ್‌ನ 27ರಿಂದ 36ನೆಯವನು. ತರಬೇತಿಯೆಲ್ಲ ಮಾಡುತ್ತಾನೆ, ಜಿಮ್‌ಗೆ ಹೋಗುತ್ತಾನೆ, ಭಾನುವಾರ ಸೂಟು ಹಾಕಿಕೊಂಡು ಸ್ಟ್ಯಾಂಡ್‌ನಲ್ಲಿ ಕೂರುತ್ತಾನೆ. ಕ್ಲಬ್ ಚಾಂಪಿಯನ್‌ಶಿಪ್ ಶುರುವಾಗುವುದು ಕೌಂಟಿ ಋತು ಮುಗಿದ ಮೇಲೆ. ಆರು ತಿಂಗಳು ಪೂರಾ ಪಂದ್ಯವೊಂದೂ ಆಡದವನ ಕೈ ಮೊಂಡಾಗುತ್ತದೆ, ಎರಡನೇ ವರ್ಷ ಸಿಡ್ನಿಗೋ ಪರ್ತ್‌ಗೋ ಟಿಕೆಟ್ ತೆಗೆಯುತ್ತಾನೆ. ಮಗ ಎಲ್ಲೋ ದೂರದಲ್ಲಿದ್ದಾನೆ ಎನ್ನುವ ಇಲ್ಲಿನ ತಾಯಿಯರ ಮಾತು ಕೇಳಿದಾಗ ನನ್ನ ಅವ್ವನ ದನಿಯೇ ಕೇಳಿಸುತ್ತದೆ. ನಮ್ಮನ್ನು ಕಳಿಸಿದ ಮನೆಗಳ ಸಂಕಟ ನಿನಗೆ ವಿವರಿಸಬೇಕಿಲ್ಲ.

ಇದಕ್ಕೆ ಔಷಧ ಕಷ್ಟದ್ದಲ್ಲ. 26ರಲ್ಲಿ ಹೆಸರಿಲ್ಲದವನನ್ನು ಆ ವಾರಾಂತ್ಯವೇ ಕ್ಲಬ್ ಲೀಗ್ ಪಂದ್ಯಕ್ಕೆ ಬಿಡಬೇಕು. ಪಟ್ಟಿ ಹೊರಬೀಳುವ ಮೊದಲೇ ಮ್ಯಾನೇಜರ್ ಎದುರು ನಿಂತು ಹೇಳಬೇಕು, ಫೋನಿನ ಗುಂಪಿನಲ್ಲಿ ಓದಿ ತಿಳಿಯುವಂತಾಗಬಾರದು. ಏನು ಕಡಿಮೆಯಿದೆ ಎಂದು ಒಂದೇ ವಿಷಯ ಹೇಳಲಿ: ಎಡಗಡೆ ಹೊಡೆತ, ತಲೆಯ ಮೇಲಿನ ಹಿಡಿತ, ಏನಾದರೂ. ಮೂರು ವಾರ ಬಿಟ್ಟು ಅದನ್ನೇ ಮತ್ತೆ ನೋಡಲಿ. ಇನ್ನು ಕೆಲವರ ಕಷ್ಟ ಇದಕ್ಕೆ ತದ್ವಿರುದ್ಧ. ಫಿಟ್ಸ್‌ಗಿಬನ್ ಕಪ್‌ಗೆ ಕಾಲೇಜು, 20ರ ಒಳಗಿನ ತಂಡ, ಸೀನಿಯರ್ ಲೀಗ್ ಮೂರೂ ಒಬ್ಬನನ್ನೇ ಎಳೆಯುತ್ತವೆ, ಫೆಬ್ರವರಿಯಲ್ಲೇ ತೊಡೆಯ ಹಿಂಬದಿ ಸ್ನಾಯು ಹರಿಯುತ್ತದೆ. ಮೂರೂ ತರಬೇತುದಾರರು ಬರೆಯುವ ಒಂದೇ ವಾರದ ಹಾಳೆ ಇದ್ದರೆ ಫಿಸಿಯೊ ಮೊದಲೇ ತಡೆಯಬಹುದು. ಮೂವತ್ತು ದಾಟಿದವನ ಹೆಸರೂ ಅದೇ ಹಾಳೆಯಲ್ಲಿರಲಿ. ಪಂದ್ಯ ಮುಗಿದ ಮೊದಲ ಸಂಜೆ ಅವನಿಗೆ ಮೈದಾನ ಬೇಡ, ಈಜು ಸಾಕು.

ನೀನೂ ಕೈಗೆ ಹರ್ಲಿ (ಈ ಆಟದ ಕೋಲು) ತೆಗೆದುಕೊಳ್ಳುವುದಾದರೆ ಹಿಡಿತ ಬದಲಿಸು. ಹಾಕಿಯಲ್ಲಿ ಎಡಗೈ ಮೇಲೆ, ಇಲ್ಲಿ ಬಲಗೈ ಆಟಗಾರನಿಗೆ ಬಲಗೈಯೇ ಮೇಲೆ. ಹೆಲ್ಮೆಟ್ ಇಲ್ಲದೆ ಒಂದು ಚೆಂಡನ್ನೂ ಹೊಡೆಯಬೇಡ. ಕೌಂಟಿಯವರು ಕರೆದ ಸಭೆಗೆ ಹೋಗುವಾಗ 26ರ ಅಂಕಿ ಅವರ ಬಳಿ ಇದ್ದೇ ಇರುತ್ತದೆ, ನೀನು 27ರಿಂದ 36ರವರು ಈ ವರ್ಷ ಆಡಿದ ನಿಮಿಷಗಳ ಲೆಕ್ಕ ಬರೆದು ತೆಗೆದುಕೊಂಡು ಹೋಗು.