ಮೊಣಕಾಲಿನ ಹೊರಬದಿಯ ನೋವಿಗೆ ಮಾಲೀಸು ಮಾಡುವಾಗ ಕೈ ಎಲ್ಲಿ ಬೀಳಬೇಕು?

ಮಲ್ಪೆಯ ಕಡಲತೀರದಲ್ಲಿ ಓಡುವಾಗ ಮೂರ್ನಾಲ್ಕು ಕಿಲೋಮೀಟರ್ ಆದ ಮೇಲೆ ಬಲ ಮೊಣಕಾಲಿನ ಹೊರಬದಿಯಲ್ಲಿ ಚುಚ್ಚಿದಂತೆ ನೋವು ಶುರುವಾಗುತ್ತದೆ, ನಿಂತರೆ ತಗ್ಗುತ್ತದೆ, ಮೆಟ್ಟಿಲು ಇಳಿಯುವಾಗ ಮತ್ತೆ ಕಾಡುತ್ತದೆ ಎಂದು ಬರೆದಿದ್ದೀರಿ. ಮನೆಯವರು ಬಿಸಿ ತೆಂಗಿನೆಣ್ಣೆ ಹಚ್ಚಿ ಅದೇ ಜಾಗವನ್ನು ಬಲವಾಗಿ ತಿಕ್ಕುತ್ತಿದ್ದರೂ ಗುಣವಾಗಿಲ್ಲ, ಮುಂದುವರಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಓಟಗಾರರನ್ನೂ ಸೈಕಲ್ ಸವಾರರನ್ನೂ ನೋಡುತ್ತಿರುವ ನಾನು ಹೇಳುವುದಿಷ್ಟು: ಮಾಲೀಸು ಇರಲಿ, ಆದರೆ ನೋಯುವ ಜಾಗವನ್ನು ಬಿಟ್ಟು ಸೊಂಟದ ಬದಿಯ ಸ್ನಾಯುಗಳಿಗೆ ಮಾಡಿಸಿ.

ನೀವು ವಿವರಿಸಿದ ಲಕ್ಷಣಗಳು ಐಟಿ ಬ್ಯಾಂಡ್ ತೊಂದರೆಯನ್ನು ಹೋಲುತ್ತವೆ. ಸೊಂಟದ ಮೂಳೆಯಿಂದ ಹೊರಟು ತೊಡೆಯ ಹೊರಬದಿಯುದ್ದಕ್ಕೂ ಇಳಿದು ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಅಂಟಿಕೊಳ್ಳುವ ಗಟ್ಟಿ ನಾರಿನ ಪಟ್ಟಿಯೇ ಈ ಇಲಿಯೋಟಿಬಿಯಲ್ ಬ್ಯಾಂಡ್. ಅದಕ್ಕೆ ತಾನಾಗಿ ಬಿಗಿಯುವ ಶಕ್ತಿ ಇಲ್ಲ. ಅದನ್ನು ಎಳೆದು ಹಿಡಿಯುವುದು ಸೊಂಟದ ಮುಂಬದಿಯ ಒಂದು ಸಣ್ಣ ಸ್ನಾಯು ಮತ್ತು ಪೃಷ್ಠದ ದೊಡ್ಡ ಸ್ನಾಯು. ಮೊಣಕಾಲು ಸುಮಾರು 30 ಡಿಗ್ರಿ ಮಡಚಿದಾಗ ಈ ಪಟ್ಟಿ ತೊಡೆಮೂಳೆಯ ತುದಿಯ ಹೊರ ಉಬ್ಬಿನ ಮೇಲೆ ಒತ್ತಿಕೊಳ್ಳುತ್ತದೆ. ಪಟ್ಟಿ ಹಿಂದೆ ಮುಂದೆ ಜಾರಿ ಮೂಳೆಗೆ ಉಜ್ಜುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. ಪಟ್ಟಿ ಅಲ್ಲಿ ಮೂಳೆಗೆ ನಾರುಗಳಿಂದ ಬಿಗಿದುಕೊಂಡಿದೆ, ಅದರ ಅಡಿಯಲ್ಲಿರುವ ನರಗಳು ತುಂಬಿದ ಕೊಬ್ಬಿನ ಪದರ ಅದುಮಲ್ಪಡುವುದರಿಂದ ನೋವು ಬರುತ್ತದೆ ಎಂಬ ವಿವರಣೆಯನ್ನು 2006ರಲ್ಲಿ ಫೇರ್‌ಕ್ಲಫ್ ಮತ್ತು ಸಂಗಡಿಗರು ಮುಂದಿಟ್ಟರು. ಈಗಾಗಲೇ ಅದುಮಿ ಕೆರಳಿರುವ ಪದರವನ್ನು ಹೆಬ್ಬೆರಳಿನಿಂದ ಇನ್ನಷ್ಟು ಅದುಮಿದರೆ ಅದು ಹೇಗೆ ಶಮನವಾದೀತು? ಇದೇ ನೋವಿರುವ ಕ್ರೀಡಾಪಟುಗಳ ಮೇಲೆ 1992ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿಯೂ, ನೋಯುವ ಜಾಗವನ್ನು ಅಡ್ಡಡ್ಡವಾಗಿ ಆಳಕ್ಕೆ ತಿಕ್ಕುವ ಚಿಕಿತ್ಸೆಯಿಂದ ಹೆಚ್ಚುವರಿ ಪ್ರಯೋಜನವೇನೂ ಕಾಣಲಿಲ್ಲ.

ಆರಂಭಿಸುವ ಮೊದಲು ಒಂದು ಎಚ್ಚರಿಕೆ. ಮೊಣಕಾಲು ಊದಿಕೊಂಡಿದ್ದರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಳ್ಳುತ್ತಿದ್ದರೆ, ಬಿದ್ದ ಮೇಲೆ ನೋವು ಬಂದಿದ್ದರೆ ಅಥವಾ ಮಲಗಿದಾಗಲೂ ಕಾಡುತ್ತಿದ್ದರೆ ಮಾಲೀಸಿಗಿಂತ ಮೊದಲು ಮೂಳೆ ವೈದ್ಯರನ್ನು ಕಾಣಿರಿ. ಮೀನಖಂಡ ಊದಿ ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುವುದರಿಂದ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಾಲೀಸಿಗೆ ನೋವಿಲ್ಲದ ಮಗ್ಗುಲಿಗೆ ಮಲಗಿ, ಎರಡು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಪ್ಯಾಂಟಿನ ಜೇಬು ಬರುವ ಜಾಗದಲ್ಲಿ, ಸೊಂಟದ ಮೂಳೆಯ ಮುಂತುದಿಯ ಸ್ವಲ್ಪ ಕೆಳಗೆ ಹಿಂದಕ್ಕೆ, ಮೊದಲು ಹೇಳಿದ ಸಣ್ಣ ಸ್ನಾಯು ಸಿಗುತ್ತದೆ. ಅಲ್ಲಿಂದ ಆರಂಭಿಸಿ ಪೃಷ್ಠದ ಮೇಲ್ಭಾಗದವರೆಗೆ ಅಂಗೈಯ ಬುಡದಿಂದ ನಿಧಾನವಾಗಿ ಒತ್ತಿ ಬಿಡಬೇಕು. ಬಿಗಿದ ಗಂಟು ಸಿಕ್ಕಲ್ಲಿ ಉಸಿರು ಬಿಡುತ್ತಾ ಅರ್ಧ ನಿಮಿಷ ಒತ್ತಡವನ್ನು ಹಾಗೆಯೇ ಹಿಡಿಯಲಿ. ಮಾಡಿಸಿಕೊಳ್ಳುವವರು ಹಲ್ಲು ಕಚ್ಚಿ ಸಹಿಸುವಂತಿದ್ದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ನೋವು ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಬಳಿಕ ತೊಡೆಯ ಮುಂಬದಿಯ ಮತ್ತು ಹಿಂಬದಿಯ ಸ್ನಾಯುಗಳನ್ನು ಕೆಳಗಿನಿಂದ ಮೇಲಕ್ಕೆ ನೀವಬೇಕು, ಮೊಣಕಾಲಿನ ಉಬ್ಬಿಗಿಂತ ನಾಲ್ಕು ಬೆರಳು ಮೇಲೆಯೇ ಕೈ ನಿಲ್ಲಬೇಕು. ಮೊಣಕಾಲಿನ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಸಿಗುವ ಸಣ್ಣ ಮೂಳೆಯ ತಲೆಯ ಬಳಿ ಪಾದಕ್ಕೆ ಹೋಗುವ ನರ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುವುದರಿಂದ ಅಲ್ಲಿ ಎಂದಿಗೂ ಒತ್ತಕೂಡದು. ಹತ್ತು ಹದಿನೈದು ನಿಮಿಷ ಸಾಕು. ಇನ್ನು ಫೋಮ್ ರೋಲರ್ (ಗಟ್ಟಿ ಫೋಮಿನ ಉರುಳೆ) ಮೇಲೆ ತೊಡೆಯ ಹೊರಬದಿಯನ್ನು ಉರುಳಿಸಿ ಪಟ್ಟಿಯನ್ನೇ ಉದ್ದ ಮಾಡುವುದು ಆಗದ ಕೆಲಸ, ಅದು ಅಷ್ಟು ಗಟ್ಟಿಯಾದ ನಾರು.

ಇಷ್ಟೆಲ್ಲ ಮಾಡಿದರೂ ಮಾಲೀಸು ಕೊಡುವುದು ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ಸಡಿಲಿಕೆಯನ್ನು ಮಾತ್ರ, ಆ ಬಿಡುವಿನಲ್ಲಿ ಸೊಂಟವನ್ನು ಬಲಪಡಿಸುವುದೇ ನಿಜವಾದ ಚಿಕಿತ್ಸೆ. ಮೈಕೆಲ್ ಫ್ರೆಡೆರಿಕ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನೋವಿದ್ದ 24 ದೂರದ ಓಟಗಾರರ ಸೊಂಟದ ಬದಿಯ ಸ್ನಾಯುಗಳು ನೋಯುವ ಕಾಲಿನಲ್ಲಿ ದುರ್ಬಲವಾಗಿದ್ದವು; ಆರು ವಾರಗಳ ವ್ಯಾಯಾಮದ ಬಳಿಕ 22 ಮಂದಿ ನೋವಿಲ್ಲದೆ ಓಟಕ್ಕೆ ಮರಳಿದರು. ವ್ಯಾಯಾಮ ಮಾಡದ ರೋಗಿಗಳೊಂದಿಗೆ ಹೋಲಿಸದ ಕಾರಣ ಇದನ್ನು ಕೊನೆಯ ಮಾತೆನ್ನಲಾಗದು, ಆದರೂ ನಾನು ಇದನ್ನೇ ಅನುಸರಿಸುತ್ತೇನೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ, ತುಸು ಹಿಂದಕ್ಕೆ ಹಿಡಿದು ಎತ್ತಿ ಇಳಿಸಿ. ಅದು ಸುಲಭವಾದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಇನ್ನೊಂದು ಬದಿಯ ಸೊಂಟವನ್ನು ಇಳಿಸಿ ಎತ್ತಿ.

ಓಟವನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ನೋವು ಶುರುವಾಗುವ ದೂರಕ್ಕಿಂತ ಮೊದಲೇ ನಿಲ್ಲಿಸಿ, ಹೆಜ್ಜೆಗಳನ್ನು ಚಿಕ್ಕದಾಗಿಸಿ. ಇಳಿಜಾರಿನಲ್ಲಿ ಪಾದ ನೆಲ ಮುಟ್ಟುವಾಗ ಮೊಣಕಾಲು ಕಡಿಮೆ ಮಡಚಿರುವುದರಿಂದ ಆ 30 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆದ್ದರಿಂದ ಮಣಿಪಾಲದಿಂದ ಉಡುಪಿಗೆ ಇಳಿಯುವ ರಸ್ತೆಯಲ್ಲಿ ಸದ್ಯಕ್ಕೆ ಓಡಬೇಡಿ. ಮಲ್ಪೆಯಲ್ಲಿ ನೀರಿನ ಕಡೆಗೆ ವಾಲಿದ ಮರಳಿನ ಮೇಲೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಕೆಲವು ವಾರ ಅಜ್ಜರಕಾಡಿನ ಕ್ರೀಡಾಂಗಣದ ಸಮತಟ್ಟಾದ ಟ್ರ್ಯಾಕಿನಲ್ಲಿ ಓಡಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ದಿಕ್ಕು ಬದಲಿಸಿ. ಮೆಟ್ಟಿಲು ಇಳಿಯುವಾಗ ನೋವು ಇಲ್ಲವಾದ ಮೇಲೆ ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದು. ಆರು ವಾರ ಹೀಗೆ ನಡೆದುಕೊಂಡರೂ ವ್ಯತ್ಯಾಸ ಕಾಣದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ನೀವು ಓಡುವ ರೀತಿಯನ್ನೂ ಬೂಟುಗಳನ್ನೂ ತೋರಿಸಿ.