ಮೊದಲು ಬರೆಯಲಿ, ಆಮೇಲೆ ಮಾತಾಡಲಿ

ಓದುಗರೊಬ್ಬರ ಪತ್ರ: "ನಮ್ಮದು ಎಂಟು ಜನರ ತಂಡ. ಹೊಸ ಐಡಿಯಾಗಳಿಗೆಂದೇ ವಾರಕ್ಕೊಮ್ಮೆ ಮೀಟಿಂಗ್ ಕರೆಯುತ್ತೇನೆ. ಮಾತಾಡುವವರು ಇಬ್ಬರೇ. ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಅವರ ಬಾಯಿ ಬಿಡಿಸುವುದು ಹೇಗೆ?"

ಸಂಪಾದಕರ ಉತ್ತರ: ಬಾಯಿ ಬಿಡಿಸಲು ಹೋಗಬೇಡಿ, ಕೈಗೆ ಪೆನ್ನು ಕೊಡಿ. ನಿಮ್ಮ ಕಾಳಜಿ ನನಗೆ ಹಿಡಿಸಿತು. ಆದರೆ ಸುಮ್ಮನಿರುವುದನ್ನು ನೀವು ಕಾಯಿಲೆ ಅಂದುಕೊಂಡಿದ್ದೀರಿ, ಅದು ಹಿಡಿಸಲಿಲ್ಲ.

ಎಲ್ಲರೂ ಸೇರಿ ತೋಚಿದ್ದನ್ನು ಹೇಳುತ್ತಾ ಹೋಗುವ 'ಬ್ರೈನ್‌ಸ್ಟಾರ್ಮಿಂಗ್' ಪದ್ಧತಿಯನ್ನು ಹಬ್ಬಿಸಿದವರು ಅಮೆರಿಕದ ಜಾಹೀರಾತು ಲೋಕದ ಅಲೆಕ್ಸ್ ಆಸ್ಬರ್ನ್. ಐಡಿಯಾ ಬರುವಾಗ ಟೀಕೆ ಬೇಡ ಎಂದರು. ಒಳ್ಳೆಯ ಮಾತೇ. ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಏನೋ ಹೊಳೆಯುವುದೂ ಉಂಟು. ಅಷ್ಟು ಒಪ್ಪೋಣ.

ಆದರೆ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. 1958ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾಲ್ವರು ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ, ಬೇರೆಬೇರೆ ಕೂತ ನಾಲ್ವರ ಐಡಿಯಾಗಳನ್ನು ಆಮೇಲೆ ಒಟ್ಟು ಮಾಡಿದಾಗಲೇ ಜಾಸ್ತಿ ಸಿಕ್ಕವು. ಯಾಕೆ? 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಎಂಬ ಸಂಶೋಧಕರು ಕಂಡುಕೊಂಡ ದೊಡ್ಡ ಕಾರಣ ತೀರಾ ಸರಳ: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುತ್ತಾ ಕೂತರೆ ಹೊಳೆದದ್ದು ಮರೆಯುತ್ತದೆ. ಮರೆಯದಿದ್ದರೆ, 'ಬಿಡು, ಇದೇನು ಮಹಾ' ಅನ್ನಿಸುತ್ತದೆ.

ನಮ್ಮ ಕಚೇರಿಯಲ್ಲಿ ವಿಶೇಷಾಂಕದ ಮೀಟಿಂಗ್ ಅಂದರೆ ಮೊದಲು ಚೀಟಿ. ಹೆಸರು ಬೇಡ, ಮಾತೂ ಬೇಡ. ಒಂದು ಸಲ ಹಳೇ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದ ಸಾಲೊಂದು ಸಿಕ್ಕಿತು: "ಓದುಗರು ಯಾವ ಲೇಖನ ಅರ್ಧಕ್ಕೇ ಬಿಟ್ಟರು ಅಂತ ಅವರನ್ನೇ ಕೇಳೋಣ." ಪ್ರೂಫ್ ನೋಡುವವರದು. ಅವರ ದನಿಯನ್ನು ಮೀಟಿಂಗ್‌ನಲ್ಲಿ ಯಾರೂ ಕೇಳಿರಲಿಲ್ಲ. ಹೆಸರು ಹಾಕದಿದ್ದರೇನು, ದಿನಾ ನೋಡುವ ಅಕ್ಷರ ಗುರುತು ಸಿಗದೇ ಇರುತ್ತದೆಯೇ? ಆ ಪ್ರಶ್ನೆಗೆ ಬಂದ ಪತ್ರಗಳಿಂದಲೇ ಸಂಚಿಕೆಯ ಅರ್ಧ ತುಂಬಿತು.

ಚೀಟಿ ಸಾಲದಿದ್ದರೆ ಜರ್ಮನಿಯ ಬರ್ನ್ಡ್ ರೋರ್‌ಬಾಕ್ ಅವರ ಉಪಾಯ ನೋಡಿ. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ. ಅವರು ಅದನ್ನು ಓದಿ ತಮ್ಮ ಮೂರು ಸೇರಿಸುತ್ತಾರೆ. ಹೀಗೆ ಆರು ಸುತ್ತು ಮುಗಿದರೆ ಅರ್ಧ ಗಂಟೆಗೆ 108 ಐಡಿಯಾ. ಎಲ್ಲವೂ ಚಿನ್ನವಲ್ಲ, ಗೊತ್ತು. ಆರಿಸುವಾಗ ಮಾತಾಡಿ, ಬೇಕಾದರೆ ಜಗಳವನ್ನೂ ಆಡಿ.

ಒಂದು ಮಾತು ಕೇಳಲೇ? ಮಾತಾಡುವ ಆ ಇಬ್ಬರಲ್ಲಿ ಒಬ್ಬರು ನೀವೇ ಅಲ್ವಾ? ಹಾಗಿದ್ದರೆ ಕೊನೆಗೆ ಮಾತಾಡಿ. ಮುಖ್ಯಸ್ಥರು ಬಾಯಿ ತೆರೆದ ಮೇಲೆ ಉಳಿದವರಿಗೆ ಇರುವುದು ತಲೆಯಾಡಿಸುವ ಕೆಲಸ ಮಾತ್ರ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ಶಾಲೆಯಲ್ಲಿ ಮೊದಲು ಕೈ ಎತ್ತಿದವರೇ ಜಾಣರು. ಟೀವಿ ಚರ್ಚೆಯಲ್ಲಿ ಕೂಗಿದವರೇ ಗೆದ್ದವರು. ಕೆಲಸದ ಸಂದರ್ಶನದಲ್ಲಿ ಎರಡು ಕ್ಷಣ ಯೋಚಿಸಿ ಉತ್ತರಿಸಿದರೆ 'ಆತ್ಮವಿಶ್ವಾಸ ಸಾಲದು' ಎಂದು ಹಿಂದೆ ಕಳಿಸುತ್ತಾರೆ. ಹೀಗೆ ಪಟಪಟ ಮಾತಾಡುವವರನ್ನೇ ಆರಿಸಿಕೊಂಡವರು, ಆಮೇಲೆ 'ನಮ್ಮಲ್ಲಿ ಯೋಚಿಸುವವರೇ ಇಲ್ಲ' ಎಂದು ನನಗೆ ಪತ್ರ ಬರೆಯುತ್ತಾರೆ. ಅವರಿಗೆ ಏನಂತ ಉತ್ತರ ಬರೆಯಲಿ, ನೀವೇ ಹೇಳಿ.